ಸುಲಿತದ ಕೂಲಿ, ಭುಜದ ನೋವು

ನಾವಿರುವ ರೊಳ್ಳ ಆಂಧ್ರದ ಮಡಕಶಿರಾ ಸೀಮೆಯದು, ಮನೆಮಾತು ಕನ್ನಡ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ನಮ್ಮೂರು ಆಂಧ್ರದಲ್ಲೇ ಉಳಿಯಿತು. 2022ರಿಂದ ಜಿಲ್ಲೆಯ ಹೆಸರು ಮಾತ್ರ ಅನಂತಪುರ ಹೋಗಿ ಶ್ರೀ ಸತ್ಯಸಾಯಿ ಎಂದಾಗಿದೆ. ಭಾಷೆಯಂತೆ ಅಡಿಕೆಯೂ ನಮಗಿಬ್ಬರಿಗೂ ಸಮಾನ.

ಆದರೆ ಸುಲಿತ ಬೇರೆ. ನಿಮ್ಮಲ್ಲಿ ಹಣ್ಣಡಿಕೆಯನ್ನು 35-40 ದಿನ ಬಿಸಿಲಿನಲ್ಲಿ ಒಣಗಿಸಿ ಚಾಲಿ ಸುಲಿಯುತ್ತಾರೆ; ಬಿಡುವಾದಾಗ ಕೂತರಾಯಿತು. ನಮ್ಮ ಕಡೆ ಹಸಿಗಾಯಿಯನ್ನೇ ಸುಲಿದು ಬೇಯಿಸುವುದು ವಾಡಿಕೆ. ಹಸಿಗಾಯಿ ಯಾರಿಗೂ ಕಾಯುವುದಿಲ್ಲ. ಯಂತ್ರ ಬಂದಿದೆ, ನಿಜ. ಎಲ್ಲ ಮನೆಗೂ ಬಂದಿಲ್ಲ. ಕೊಯ್ಲಿನ ದಿನಗಳಲ್ಲಿ ಹೆಂಗಸರು ರಾತ್ರಿಯವರೆಗೂ ಕತ್ತಿಯ ಮುಂದೆ ಕೂರುತ್ತಾರೆ.

ಒಬ್ಬ ವಿದ್ಯಾರ್ಥಿನಿಯ ತಾಯಿ ಶಾಲೆಗೆ ಬಂದಿದ್ದರು. ರುಜು ಹಾಕಲು ಕೈ ಬಂತು, ಜಾರಿದ ಸೆರಗನ್ನು ಹೆಗಲಿಗೇರಿಸಲು ಬರಲಿಲ್ಲ. "ಸುಲಿತದ ನೋವು ಮೇಷ್ಟ್ರೇ, ಹೋಗ್ತದೆ" ಎಂದರು. ಹೋಗಿರಲಿಲ್ಲ, ಮೂರು ತಿಂಗಳಾಗಿತ್ತು.

ಭಾರ ಹೊತ್ತರೆ ಮಾತ್ರ ಭುಜ ಕೆಡುತ್ತದೆಂದು ನಾವೂ ತಿಳಿದಿದ್ದೆವು. ಹಾಗಲ್ಲ. ತೋಳನ್ನೆತ್ತುವ ಸ್ನಾಯುವಿನ ಹುರಿ ಭುಜದ ಮೂಳೆಯ ಸೂರಿನಡಿ ಇಕ್ಕಟ್ಟಿನ ಜಾಗದಲ್ಲಿ ಹಾಯುತ್ತದೆ. ಮೊಣಕೈಯನ್ನು ಪಕ್ಕೆಯಿಂದ ದೂರಕ್ಕೆ ಎತ್ತಿ ಹಿಡಿದು ಒಂದೇ ಚಲನೆಯನ್ನು ಸಾವಿರ ಸಲ ಮಾಡಿದರೆ ಆ ಹುರಿ ಅದುಮಿ ಸವೆಯುತ್ತದೆ. ಬಿಗಿದೇ ಇರುವ ಸ್ನಾಯುವಿಗೆ ರಕ್ತವೂ ಸಾಕಷ್ಟು ಹರಿಯದು. ನಿಮ್ಮ ಕಡೆ ಮೊರವನ್ನು ತೊಡೆಯ ಮೇಲಿಟ್ಟು ಕತ್ತು ಬಗ್ಗಿಸಿ ಬೀಡಿ ಕಟ್ಟುವವರಿಗೆ ಕತ್ತು, ಹೆಗಲು ಸೆಳೆಯುವುದಕ್ಕೂ ಇಂಥ ಬಿಗಿತವೇ ಕಾರಣ. ಕರಿಹಲಗೆಯ ಮೇಲಂಚಿನಿಂದ ಬರೆಯಲಾರಂಭಿಸುತ್ತಿದ್ದ ನಾವೂ ಇದರಿಂದ ಪಾರಾಗಲಿಲ್ಲ. ಈಗ ಕಣ್ಣಿನ ಮಟ್ಟಕ್ಕಿಂತ ಮೇಲೆ ಬರೆಯುವುದಿಲ್ಲ. ಹಿಂದಿನ ಬೆಂಚಿನವರು ಗೊಣಗುತ್ತಾರೆ.

ಕತ್ತಿಯ ಅಲಗು ಮೊಣಕೈ ಮಟ್ಟಕ್ಕೆ ಬರುವಷ್ಟು ಎತ್ತರದ ಮಣೆಯ ಮೇಲೆ ಕೂರಬೇಕು. ಕಾಯಿಯ ಬುಟ್ಟಿ ಕೈಗೆಟುಕುವಷ್ಟು ಹತ್ತಿರವಿರಲಿ. ಅಲಗು ಹರಿತವಾಗಿದ್ದರೆ ಅರ್ಧ ಶ್ರಮ ಉಳಿಯಿತು. ಮೊಂಡು ಕತ್ತಿ ಭುಜದ ಶತ್ರು. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಕೈ ಇಳಿಬಿಟ್ಟು ಮೆಲ್ಲಗೆ ತೂಗಾಡಿಸಬೇಕು.

ಈ ಎರಡು ನಿಮಿಷವೇ ಕಷ್ಟ. ಸುಲಿದ ಅಳತೆಯ ಮೇಲೆ ಕೂಲಿ. ನಿಂತರೆ ಪಕ್ಕದವಳ ಬುಟ್ಟಿ ಮುಂದೆ ಹೋಗುತ್ತದೆ. ಬೀಡಿಯ ಲೆಕ್ಕವೂ ಹಾಗೆಯೇ. ಬಿಡುವು ತೆಗೆದುಕೊಳ್ಳಿ ಎಂದು ಸಂಬಳದವರಾದ ನಾವು ಹೇಳುವುದು ಸುಲಭ. ಸುಲಿಸುವ ಯಜಮಾನರೇ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿದರೆ ಯಾರ ಬುಟ್ಟಿಯೂ ಹಿಂದೆ ಬೀಳದು.

ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ, ತಲೆ ಬಾಚಲು ಕೈ ಮೇಲೇಳದಿದ್ದರೆ, ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರ ಭುಜ ಬೇಗ ಬಿಗಿದುಕೊಳ್ಳುತ್ತದೆ. ನೋವೆಂದು ಕೈಯನ್ನು ಪೂರ್ತಿ ಕಟ್ಟಿಹಾಕುವುದೂ ತಪ್ಪು. ಭುಜದ ನೋವಿನೊಡನೆ ಎದೆ ಹಿಂಡಿ ಬೆವರಿದರೆ ಮಾತ್ರ ಸುಲಿತದ ನೋವೆನ್ನದೆ ಕೂಡಲೇ ಆಸ್ಪತ್ರೆಗೆ ಓಡಬೇಕು.

ಆ ತಾಯಿ ಈಗ ಎತ್ತರದ ಮಣೆ ಮಾಡಿಸಿಕೊಂಡಿದ್ದಾರೆ. ಸೆರಗು ಇನ್ನೂ ಎಡಗೈಯಿಂದಲೇ ಹೆಗಲೇರುತ್ತದೆ.