ಕಲ್ಲಿನಿಂದ ಬ್ಲಾಕ್‌ಚೈನ್‌ವರೆಗೆ: ಸತ್ತವರ ಹೆಸರು ಉಳಿಸುವ ಕಲೆ

ಸತ್ತವರ ಹೆಸರನ್ನು ಯಾರೂ ಅಳಿಸಲಾಗದ ಕಡೆ ಬರೆದಿಡಬೇಕೆಂಬ ಹಳೆಯ ಆಸೆಗೆ ಸಿಕ್ಕಿರುವ ಹೊಸ ಜಾಗ ಬ್ಲಾಕ್‌ಚೈನ್. ಬಿಟ್‌ಕಾಯಿನ್, ಇಥೀರಿಯಮ್ ಮುಂತಾದ ಡಿಜಿಟಲ್ ನಾಣ್ಯಗಳ ಲೆಕ್ಕ ಇಡಲು ಹುಟ್ಟಿದ ಈ ವ್ಯವಸ್ಥೆಯನ್ನು ಕೆಲವು ಕಲಾವಿದರು ಮತ್ತು ಕಂಪ್ಯೂಟರ್ ತಜ್ಞರು ನೆನಪಿನ ಕೆಲಸಕ್ಕೂ ಬಳಸುತ್ತಾ ಬಂದಿದ್ದಾರೆ. ಇಲ್ಲಿ ಕಲಾಕೃತಿ ಗೋಡೆಗೆ ತೂಗುಹಾಕುವ ಚಿತ್ರವೇ ಆಗಬೇಕಿಲ್ಲ. ಒಂದು ಹೆಸರು, ನಾಲ್ಕು ಸಾಲು, ಒಂದು ನಿಯಮ, ಕೆಲವೊಮ್ಮೆ ಬರೆಯುವ ಕ್ರಿಯೆಯೇ ಕೃತಿ. ವಸ್ತುವಿಗಿಂತ ಅದರ ಹಿಂದಿನ ವಿಚಾರವೇ ಮುಖ್ಯವಾದ ಇಂಥದ್ದಕ್ಕೆ ಪರಿಕಲ್ಪನಾ ಕಲೆ ಎನ್ನುತ್ತಾರೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಜನಕ್ಕೆ ಹೆಸರು ಹೊಸದಿರಬಹುದು, ಕೆಲಸ ಹೊಸದಲ್ಲ. ಹಳೇ ಮೈಸೂರು ಸೀಮೆಯ ಊರುಗಳಲ್ಲಿ ವೀರಗಲ್ಲು ಸಾವಿರ ವರ್ಷದಿಂದ ಇದೇ ಕೆಲಸ ಮಾಡಿಕೊಂಡು ನಿಂತಿದೆ.

ಬ್ಲಾಕ್‌ಚೈನ್ ಮೂಲತಃ ಲೆಕ್ಕದ ಪುಸ್ತಕ. ಹಿಂದೆ ಕನ್ನಡ ನಾಡಿನಲ್ಲಿ ಲೆಕ್ಕಪತ್ರಕ್ಕೆ ಕಡತವಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಕಡತ ಇರುತ್ತಿದ್ದುದೂ ಒಬ್ಬರ ಕೈಯಲ್ಲಿ. ಈ ಎರಡು ವಿಷಯಗಳಲ್ಲೂ ಬ್ಲಾಕ್‌ಚೈನ್ ಅದಕ್ಕೆ ತದ್ವಿರುದ್ಧ. ಅದರ ಪ್ರತಿ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ಇರುತ್ತದೆ. ಬಿಟ್‌ಕಾಯಿನ್‌ನಲ್ಲಿ ಸುಮಾರು 10 ನಿಮಿಷಕ್ಕೊಂದು ಹೊಸ ಪುಟ, ಅಂದರೆ ಬ್ಲಾಕ್, ಸೇರುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತು ಸಂಖ್ಯೆ ಇರುತ್ತದೆ. ಹಿಂದೆಲ್ಲೋ ಒಂದಕ್ಷರ ತಿದ್ದಿದರೂ ಆ ಸಂಖ್ಯೆ ಪೂರ್ತಿ ಬದಲಾಗುವುದರಿಂದ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ, ಉಳಿದವರ ಪ್ರತಿಗಳು ಆ ತಿದ್ದುಪಡಿಯನ್ನು ಒಪ್ಪುವುದಿಲ್ಲ. 2009ರ ಜನವರಿ 3ರ ತಾರೀಖು ಹೊತ್ತ ಬಿಟ್‌ಕಾಯಿನ್‌ನ ಮೊದಲ ಬ್ಲಾಕ್‌ನಲ್ಲೇ ಅಂದಿನ ಲಂಡನ್ ಪತ್ರಿಕೆಯೊಂದರ ತಲೆಬರಹವಿದೆ. ಲೆಕ್ಕದ ನಡುವೆ ಮಾತು ಸೇರಿಸುವ ಅಭ್ಯಾಸ ಶುರುವಾದದ್ದು ಅಲ್ಲಿಂದ.

ಸತ್ತವರಿಗಾಗಿ ಹೀಗೆ ಬರೆದದ್ದರಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಲೆನ್ ಸಸ್ಸಾಮನ್ ಸ್ಮಾರಕ. ಅಂತರ್ಜಾಲದಲ್ಲಿ ಜನರ ಖಾಸಗಿತನ ಕಾಪಾಡುವ ತಂತ್ರಗಳ ಮೇಲೆ ಕೆಲಸ ಮಾಡುತ್ತಿದ್ದ ಸಸ್ಸಾಮನ್ 2011ರ ಜುಲೈನಲ್ಲಿ, 31ನೇ ವಯಸ್ಸಿಗೆ ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಅವರ ಗೆಳೆಯ ಡ್ಯಾನ್ ಕಮಿನ್ಸ್‌ಕಿ, ಟ್ರಾವಿಸ್ ಗುಡ್‌ಸ್ಪೀಡ್ ಜೊತೆ ಸೇರಿ, ಅಕ್ಷರ ಮತ್ತು ಚಿಹ್ನೆಗಳನ್ನೇ ಜೋಡಿಸಿ ಬಿಡಿಸಿದ ಸಸ್ಸಾಮನ್ ಮುಖವನ್ನೂ ಕೆಲವು ಸಾಲುಗಳನ್ನೂ ಬಿಟ್‌ಕಾಯಿನ್ ಬ್ಲಾಕ್‌ಚೈನ್‌ನಲ್ಲಿ ಸೇರಿಸಿದರು. ಅದಕ್ಕೆ ಬಳಸಿದ ಉಪಾಯ ಸ್ವಾರಸ್ಯವಾದದ್ದು. ಹಣ ಕಳಿಸುವ ವಿಳಾಸವೆಂದರೆ ಒಳಗೆ 20 ಬೈಟ್‌ಗಳ ಒಂದು ಸಂಖ್ಯೆ. ವಿಳಾಸದ ಜಾಗದಲ್ಲಿ 20 ಅಕ್ಷರದ ಒಂದೊಂದು ಸಾಲು ಇಟ್ಟು, ಆ ಸುಳ್ಳು ವಿಳಾಸಗಳಿಗೆ ಚೂರು ಚೂರು ಹಣ ಕಳಿಸಿದರು. ಅವುಗಳ ಬೀಗದಕೈ ಯಾರ ಬಳಿಯೂ ಇಲ್ಲದ್ದರಿಂದ ಆ ಹಣ ಮತ್ತೆ ಯಾರಿಗೂ ಸಿಗುವುದಿಲ್ಲ. 2013ರ ಡಿಸೆಂಬರ್‌ನಲ್ಲಿ ನೆಲ್ಸನ್ ಮಂಡೇಲಾ ತೀರಿಕೊಂಡಾಗ ಅವರ ಚಿತ್ರ ಮತ್ತು ಶ್ರದ್ಧಾಂಜಲಿಯನ್ನೂ ಯಾರೋ ಅದೇ ಬ್ಲಾಕ್‌ಚೈನ್‌ನಲ್ಲಿ ಸೇರಿಸಿದರು.

ಇದಕ್ಕಿಂತ ಗಂಭೀರವಾದ ಬಳಕೆ ಚೀನಾದಲ್ಲಿ ಆಯಿತು. 1998ರಲ್ಲಿ ಸತ್ತ ವಿದ್ಯಾರ್ಥಿನಿಯೊಬ್ಬಳ ಪ್ರಕರಣವನ್ನು ಪೀಕಿಂಗ್ ವಿಶ್ವವಿದ್ಯಾಲಯ ಹೇಗೆ ನಿಭಾಯಿಸಿತೆಂದು ಕೇಳಿದ ಬಹಿರಂಗ ಪತ್ರವೊಂದು 2018ರ ಏಪ್ರಿಲ್‌ನಲ್ಲಿ ಅಂತರ್ಜಾಲದಿಂದ ಮಾಯವಾಗುತ್ತಾ ಬಂದಾಗ, ಯಾರೋ ಅದರ ಪೂರ್ತಿ ಪಾಠವನ್ನು ಇಥೀರಿಯಮ್ ವ್ಯವಹಾರವೊಂದಕ್ಕೆ ಅಂಟಿಸಿದರು. ಅದು ಇವತ್ತಿಗೂ ಅಲ್ಲೇ ಇದೆ. ಅಳಿಸಲು ಕಾದು ಕುಳಿತವರಿದ್ದಾಗ ಅಳಿಸಲಾಗದ ಪುಸ್ತಕದ ಬೆಲೆ ತಿಳಿಯುತ್ತದೆ.

ಕನ್ನಡದ ಹೆಸರೊಂದನ್ನು ಹೀಗೆ ಬರೆಯಹೊರಟರೆ ಸಣ್ಣದೊಂದು ತೊಡಕಿದೆ. ಯೂನಿಕೋಡ್‌ನ ರೂಢಿಯ ಸಂಕೇತಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಅಕ್ಷರ, ಗುಣಿತ ಚಿಹ್ನೆ, ಸೊನ್ನೆಗೆ ಮೂರು ಮೂರು ಬೇಕು. ನಂಜುಂಡಯ್ಯ ಎಂಬ ಹೆಸರು ಇಂಗ್ಲಿಷ್ ಲಿಪಿಯಲ್ಲಿ 11 ಬೈಟ್‌ನಲ್ಲಿ ಮುಗಿಯುತ್ತದೆ, ಕನ್ನಡದಲ್ಲಿ ಸೊನ್ನೆ, ಕೊಂಬು, ಒತ್ತಕ್ಷರ ಸೇರಿ 27 ತಗಲುತ್ತದೆ. ಸಸ್ಸಾಮನ್ ಗೆಳೆಯರು ಬಳಸಿದ 20 ಬೈಟ್‌ಗಳ ಸಾಲಿನಲ್ಲಿ ನಂಜನಗೂಡಿನ ದೇವರ ಹೆಸರಿಟ್ಟುಕೊಂಡವರಿಗೆ ಜಾಗವಿಲ್ಲ. ಬ್ಲಾಕ್‌ಚೈನ್‌ನಲ್ಲಿ ಜಾಗಕ್ಕೆ ಶುಲ್ಕವಿರುವುದರಿಂದ ಕನ್ನಡದಲ್ಲಿ ನೆನೆಯುವುದು ತುಸು ದುಬಾರಿಯೇ.

ಕಲಾವಿದರು ಇಷ್ಟಕ್ಕೆ ನಿಲ್ಲಲಿಲ್ಲ. ಅವರ ಪರಂಪರೆ ಬ್ಲಾಕ್‌ಚೈನ್‌ಗಿಂತ ಹಳೆಯದು. ಫ್ರೆಂಚ್ ಕಲಾವಿದ ಈವ್ ಕ್ಲೈನ್ 1959ರಿಂದ ಕಣ್ಣಿಗೆ ಕಾಣದ ಖಾಲಿ ಜಾಗವನ್ನು ಚಿನ್ನ ಪಡೆದು ಮಾರಿದ. ಕೊಂಡವನು ರಸೀದಿಯನ್ನು ಸುಟ್ಟರೆ ಕ್ಲೈನ್ ಅರ್ಧ ಚಿನ್ನವನ್ನು ಸೇನ್ ನದಿಗೆ ಎಸೆಯುತ್ತಿದ್ದ. 2017ರಲ್ಲಿ ಮಿಚೆಲ್ ಎಫ್. ಚಾನ್ ಇದನ್ನೇ ಇಥೀರಿಯಮ್‌ನಲ್ಲಿ ಮರುರೂಪಿಸಿದರು. ರಿಯಾ ಮೈಯರ್ಸ್ ಇಥೀರಿಯಮ್‌ಗೆಂದು ರಚಿಸಿದ ಪುಟ್ಟ ಕಾರ್ಯಕ್ರಮವೊಂದು ತಾನು ಕಲೆ ಹೌದೆಂದೋ ಅಲ್ಲವೆಂದೋ ಘೋಷಿಸಿಕೊಳ್ಳುತ್ತದೆ, ಗುಂಡಿ ಒತ್ತಿದವರು ಉತ್ತರ ಬದಲಿಸಬಹುದು. ಜಪಾನಿನ ಆನ್ ಕವಾರಾ ಗೆಳೆಯರಿಗೆ ತಾನಿನ್ನೂ ಬದುಕಿದ್ದೇನೆಂದು ತಂತಿ ಕಳಿಸುತ್ತಿದ್ದ. ಅವನ ಹೆಸರಿನ ಟ್ವಿಟರ್ ಖಾತೆ 2014ರಲ್ಲಿ ಅವನು ಸತ್ತ ಮೇಲೂ ಅದೇ ಮಾತನ್ನು ತಾನಾಗಿ ಹೇಳುತ್ತಾ ಹೋಯಿತು.

ಸಾವಿನ ವಿಚಾರಕ್ಕೆ ಇವೆಲ್ಲಕ್ಕಿಂತ ಹತ್ತಿರ ಬರುವ ಕೃತಿ ಸಾರಾ ಫ್ರೆಂಡ್ ಅವರ 2021ರ ‘ಲೈಫ್‌ಫಾರ್ಮ್ಸ್’. ಇದರಲ್ಲಿ ಕೊಂಡ ಡಿಜಿಟಲ್ ಜೀವಿಯನ್ನು 90 ದಿನದೊಳಗೆ ಇನ್ನೊಬ್ಬರಿಗೆ ಕೊಟ್ಟುಬಿಡಬೇಕು. ಇಟ್ಟುಕೊಂಡರೆ ಅದು ಸಾಯುತ್ತದೆ. ಶಾಶ್ವತವೆಂದು ಹೊಗಳಿಸಿಕೊಳ್ಳುವ ಮಾಧ್ಯಮದಲ್ಲೇ ಕೈಯಿಂದ ಕೈಗೆ ದಾಟಿದರೆ ಮಾತ್ರ ಉಳಿಯುವ ವಸ್ತುವನ್ನು ಮಾಡಿದ್ದು ಈ ಕೃತಿಯ ಜಾಣ್ಮೆ. ಶಾಶ್ವತತೆಯ ಬಗ್ಗೆ ಬರೆದ ಹತ್ತು ಪ್ರಬಂಧಗಳಿಗಿಂತ ಇದು ಹೆಚ್ಚು ಹೇಳುತ್ತದೆ.

ಅಳಿಯದಿರುವುದು ಬೇರೆ, ನೆನಪಾಗಿರುವುದು ಬೇರೆ. ಕಪಿಲೆ ಮತ್ತು ಕಾವೇರಿ ಕೂಡುವ ಸೀಮೆಯಲ್ಲಿ ಈ ವ್ಯತ್ಯಾಸಕ್ಕೆ ಸಾಕ್ಷಿ ಬೇಕಾದಷ್ಟಿದೆ. ತಿ. ನರಸೀಪುರದಲ್ಲಿ ಎಂ. ಶೇಷಾದ್ರಿ ಅವರು 1959ರಿಂದ 1965ರ ನಡುವೆ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಸಮಾಧಿಗಳು ಸಿಕ್ಕವು. ಎಲುಬು ಉಳಿದಿದೆ, ಹೆಸರಿಲ್ಲ. ಹೆಸರು ಕಲ್ಲಿಗೇರಿದ್ದು ಗಂಗರ ಕಾಲದ ಹೊತ್ತಿಗೆ. ತುರು ಕಾಯ್ದು, ಊರು ಕಾಯ್ದು, ಹೆಣ್ಣುಮಕ್ಕಳ ಮಾನ ಕಾಯ್ದು ಸತ್ತವರಿಗೆ ವೀರಗಲ್ಲು, ಗಂಡನ ಜೊತೆ ಬೆಂಕಿ ಹೊಕ್ಕವರಿಗೆ ಮಾಸ್ತಿಗಲ್ಲು, ಸಲ್ಲೇಖನ ಮಾಡಿದ ಜೈನರಿಗೆ ನಿಷಿಧಿ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ, ಅದರ ಮೇಲೆ ಸೂರ್ಯ ಚಂದ್ರ. ಕಲ್ಲಿನ ಜೊತೆ ಮನೆಯವರಿಗೆ ಭೂಮಿಯನ್ನೂ ಬಿಡುತ್ತಿದ್ದರು. ಶಾಸನಗಳಲ್ಲಿ ಕಲ್ನಾಡು, ಬಾಳ್ಗಳ್ಚು, ನೆತ್ತರುಕೊಡಗೆ ಎಂದು ಬರುವುದು ಈ ಭೂಮಿಯೇ. ಸ್ಮಾರಕಕ್ಕೂ ಆಸ್ತಿಗೂ ಗಂಟು ಹಾಕಿದ್ದು ಬ್ಲಾಕ್‌ಚೈನ್ ಕಲಾವಿದರಲ್ಲ.

ಮೈಸೂರು ಜಿಲ್ಲೆಯದೇ ಆದ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ಶಾಸನವಿದೆ. ನವಿಲೆನಾಡಿನ ಒಡೆಯ ಏಚ ಮಲ್ಲಯುದ್ಧದಲ್ಲಿ ಅರಸನ ಬಂಧುವನ್ನು ಕೊಂದನೆಂದು ಚೋಳ ದೊರೆ ಅವನನ್ನು ತಲಕಾಡಿಗೆ ಒಯ್ಯಿಸಿ ಕೊಲ್ಲಿಸಿದ. ಹೆಂಡತಿ ದೇಕಬ್ಬೆ ಹೆತ್ತವರ, ಬಂಧುಗಳ ಮಾತು ಕೇಳದೆ ಬೆಂಕಿ ಹೊಕ್ಕಳು. ಕವಿ ಇದನ್ನು ಮೆಚ್ಚಿ ಬರೆದ. ಇಂದಿನ ಓದುಗರಿಗೆ ಮೆಚ್ಚಲಾಗದು, 1987ರ ಸತಿ ತಡೆ ಕಾಯ್ದೆ ಅಂಥ ಸಾವಿನ ವೈಭವೀಕರಣವನ್ನೇ ನಿಷೇಧಿಸಿದೆ. ಬರೆದದ್ದು ಬದಲಾಗದೆ ಉಳಿದಾಗ ಬರೆದ ಕಾಲದ ಮನಸ್ಸೂ ಅದರೊಂದಿಗೆ ಉಳಿಯುತ್ತದೆ. ಬ್ಲಾಕ್‌ಚೈನ್‌ಗೆ ಇಂದು ಸೇರುವ ಶ್ರದ್ಧಾಂಜಲಿಗಳಿಗೂ ಮುಂದಿನವರ ಇಂಥ ಓದು ಕಾದಿದೆ.

ಶಾಸನವನ್ನು ತಿದ್ದದಂತೆ, ಕೆಡಿಸದಂತೆ ತಡೆಯಲು ಹಿಂದಿನವರ ಬಳಿ ಗಣಿತವಿರಲಿಲ್ಲ, ಶಾಪವಿತ್ತು. ದತ್ತಿಯನ್ನು ಅಳಿದವರು ಗಂಗೆಯ ತಡಿಯಲ್ಲಿ, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲೆಂದು ಕೊನೆಯಲ್ಲಿ ಬರೆಸುತ್ತಿದ್ದರು. ಆದರೂ ಸುಳ್ಳು ದಾಖಲೆಗಳು ಹುಟ್ಟಿದವು. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೃತಕವೆಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ವಾದಿಸಿದರು, ಇನ್ನೊಬ್ಬ ಶಾಸನತಜ್ಞ ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಮಡಿಕೇರಿ ತಾಮ್ರಪಟದ ಕಾಲದ ಬಗ್ಗೆ ವಿದ್ವಾಂಸರು ದೀರ್ಘಕಾಲ ಜಗಳವಾಡಿದರು. ತಾಮ್ರದ ಮೇಲೆ ಕೊರೆದ ಸುಳ್ಳು ತಾಮ್ರದಷ್ಟೇ ಬಾಳುತ್ತದೆ. ಬ್ಲಾಕ್‌ಚೈನ್ ಕೂಡ ಬರೆದದ್ದು ಬದಲಾಗಿಲ್ಲವೆಂದು ಖಾತರಿ ಕೊಡಬಲ್ಲದೇ ಹೊರತು ಬರೆದದ್ದು ನಿಜವೆಂದಲ್ಲ. ಬದುಕಿರುವವರನ್ನು ಸತ್ತರೆಂದು ಬರೆದರೂ ಅದು ಅಷ್ಟೇ ನಿಷ್ಠೆಯಿಂದ ಕಾಯುತ್ತದೆ.

ಕಲ್ಲುಗಳು ಉಳಿದರೂ ಓದುವವರು ತಪ್ಪಿದರು. ಹಳಗನ್ನಡ ಲಿಪಿ ಊರವರಿಗೆ ತಿಳಿಯದಾಯಿತು. ಕೆಲವು ವೀರಗಲ್ಲು ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರಾದವು, ಕೆಲವು ಬಟ್ಟೆ ಒಗೆಯುವ ಕಲ್ಲಾದವು, ಕಾಲುವೆಗೆ ಚಪ್ಪಡಿಯಾದವು. ಅವುಗಳಲ್ಲಿನ ಹೆಸರು ಮತ್ತೆ ಹೊರಬಂದದ್ದು ರೈಸ್ ಮತ್ತು ಅವರ ಪಂಡಿತರು ಊರೂರು ಸುತ್ತಿ ಪಡಿಯಚ್ಚು ತೆಗೆದ ಮೇಲೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಳಿಗೆ ಕೂರಿಸಿ, ಮೇಲೆ ಮಸಿ ಒತ್ತಿದರೆ ಅಕ್ಷರ ಬಿಳಿಯಾಗಿ ಮೂಡುತ್ತದೆ. 1894ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೇ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ತಾಲ್ಲೂಕುವಾರು ಕ್ರಮಸಂಖ್ಯೆಯೊಂದಿಗೆ ಅಚ್ಚಾದವು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತರತೊಡಗಿತು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ತನ್ನ ಸೀಮೆಯ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಕ್ರಿ.ಶ. 750ರ ಸುಮಾರಿನ ಹೆಬ್ಬಾಳದ ವೀರಗಲ್ಲಿನ ಕಿತ್ತಯ್ಯನ ಹೆಸರು ಮತ್ತೆ ಬೆಳಕಿಗೆ ಬಂದದ್ದು 2018ರಲ್ಲಿ. ಅವನನ್ನು ಮರಳಿ ತಂದದ್ದು ಕಲ್ಲಿನ ಗಟ್ಟಿತನವೊಂದೇ ಅಲ್ಲ, ಓದಬಲ್ಲವರು, ಪ್ರತಿ ಮಾಡಿಕೊಂಡವರು.

ಡಿಜಿಟಲ್ ಸ್ಮಾರಕಕ್ಕೂ ಇದೇ ಕಷ್ಟ, ಬೇಗನೆ ಬರುತ್ತದೆ ಅಷ್ಟೆ. ಚಿತ್ರ ದೊಡ್ಡದು, ಬ್ಲಾಕ್‌ಚೈನ್‌ನ ಜಾಗ ದುಬಾರಿ. ಆದ್ದರಿಂದ ಎನ್‌ಎಫ್‌ಟಿ ಎಂದು ಮಾರಾಟವಾಗುವ ಬಹುತೇಕ ಕೃತಿಗಳಲ್ಲಿ ಬ್ಲಾಕ್‌ಚೈನ್ ಸೇರುವುದು ಒಡೆತನದ ದಾಖಲೆ ಮತ್ತು ಚಿತ್ರ ಇರುವ ಕಡೆಯ ಕೊಂಡಿ ಮಾತ್ರ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ವಿನಿಮಯ ಕಂಪನಿ ದಿವಾಳಿಯಾದ ಮೇಲೆ ಅದರ ಸರ್ವರ್‌ನಲ್ಲಿದ್ದ ಚಿತ್ರಗಳ ಕೊಂಡಿಗಳು ಕಡಿದವು. ದಾಖಲೆ ಉಳಿಯಿತು, ಚಿತ್ರ ಹೋಯಿತು. ಹಲವು ಕಂಪ್ಯೂಟರ್‌ಗಳಲ್ಲಿ ಕಡತ ಹಂಚಿಡುವ ಐಪಿಎಫ್‌ಎಸ್‌ನಂಥ ವ್ಯವಸ್ಥೆಗಳಿವೆ, ಅಲ್ಲೂ ಯಾರಾದರೂ ಅದನ್ನು ಇಟ್ಟುಕೊಂಡಿರಲೇಬೇಕು. ಬ್ಲಾಕ್‌ಚೈನ್ ವಿಪರೀತ ವಿದ್ಯುತ್ ನುಂಗುತ್ತದೆಂಬ ದೂರು ಮಾತ್ರ ಸ್ವಲ್ಪ ತಣ್ಣಗಾಗಿದೆ: 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ತನ್ನ ಪದ್ಧತಿ ಬದಲಿಸಿ ಶೇ 99ಕ್ಕೂ ಹೆಚ್ಚು ವಿದ್ಯುತ್ ಉಳಿಸಿತು. ಬಿಟ್‌ಕಾಯಿನ್ ಹಳೆಯ ಹಾದಿಯಲ್ಲೇ ಇದೆ.

ಯಾವ ದಾಖಲೆಯನ್ನೂ ನೆಚ್ಚದೆ ಉಳಿದ ನೆನಪು ತಿ. ನರಸೀಪುರ ತಾಲ್ಲೂಕಿನಲ್ಲೇ ಇದೆ. ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ಮೇಲೆ, ಒಡವೆಗಾಗಿ ಬಂದ ಸೈನಿಕರಿಂದ ತಪ್ಪಿಸಿಕೊಂಡ, ಸೋತ ಅಧಿಪತಿಯ ಹೆಂಡತಿ ಅಲಮೇಲಮ್ಮ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದು ಐತಿಹ್ಯ. ತಲಕಾಡು ಮರಳಾಗಲಿ ಎಂಬ ಅವಳ ಶಾಪವನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಶಾಪ ಕೊಟ್ಟವಳಿಗೆ ಮೈಸೂರು ಅರಮನೆಯಲ್ಲೇ ಮೂರ್ತಿಯಿದೆ, ಪೂಜೆಯಿದೆ. ನಾಲ್ಕು ಶತಮಾನ ಅವಳನ್ನು ಹೊತ್ತದ್ದು ಜನರ ಬಾಯಿ.

ಸಾಮಾನ್ಯರ ಮನೆಯ ಸಾವಿಗೆ ಕಲ್ಲೂ ಇಲ್ಲ, ಕಥೆಯೂ ಇಲ್ಲ, ತಿಥಿಯಿದೆ. ತಿರುಮಕೂಡಲಿನಲ್ಲಿ ಅಸ್ಥಿ ಬಿಡುತ್ತಾರೆ, ನಂಜನಗೂಡಿನ ಕಪಿಲೆಯಲ್ಲಿ ತರ್ಪಣ ಕೊಡುತ್ತಾರೆ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ದೇಹದ ಗುರುತನ್ನು ನೀರಿಗೆ ಬಿಟ್ಟು ಹೆಸರನ್ನು ವರ್ಷಕ್ಕೊಮ್ಮೆ ಕರೆಯುವ ಈ ಪದ್ಧತಿ ಸಾರಾ ಫ್ರೆಂಡ್ ನಿಯಮಕ್ಕೆ ಹತ್ತಿರ, ಸಸ್ಸಾಮನ್ ಸ್ಮಾರಕಕ್ಕೆ ದೂರ. ತರ್ಪಣದಲ್ಲಿ ಹೆಸರು ಹಿಡಿಯುವುದು ಮೂರು ತಲೆಮಾರಿನವರದು. ಅದರಾಚೆಯವರು ಒಟ್ಟಾಗಿ ಪಿತೃಗಳಾಗುತ್ತಾರೆ. ಮರೆಯುವುದಕ್ಕೂ ಇಲ್ಲಿ ಒಂದು ಕ್ರಮವಿದೆ, ಬ್ಲಾಕ್‌ಚೈನ್‌ನಲ್ಲಿ ಅದಿಲ್ಲ.

ಮರೆಸುವ ಹಕ್ಕು ಈಗ ಕಾನೂನಿನಲ್ಲೂ ಬಂದಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ತಾನು ಸತ್ತರೆ ಆ ಹಕ್ಕನ್ನು ಚಲಾಯಿಸಲು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡಲೂ ಅವಕಾಶವಿದೆ. ಸಾವಿರಾರು ಕಂಪ್ಯೂಟರ್‌ಗಳಲ್ಲಿ ಹರಡಿದ, ಒಡೆಯನಿಲ್ಲದ ಪುಸ್ತಕದಲ್ಲಿ ಸೇರಿಹೋದ ಹೆಸರಿಗೆ ಈ ಹಕ್ಕನ್ನು ಅನ್ವಯಿಸಲು ಅರ್ಜಿ ಹಾಕಬೇಕಾದ ಕಚೇರಿಯೇ ಇಲ್ಲ. ಆದ್ದರಿಂದ ಸ್ಮಾರಕ ಮಾಡುವ ಎಚ್ಚರಸ್ಥ ಕಲಾವಿದರು ಹೆಸರು, ಚಿತ್ರವನ್ನು ಬ್ಲಾಕ್‌ಚೈನ್‌ನ ಹೊರಗಿಟ್ಟು ಅದರ ಗುರುತು ಸಂಖ್ಯೆಯನ್ನಷ್ಟೇ ಒಳಗೆ ಬರೆಯಬಹುದು. ಮನೆಯವರು ಮೂಲ ಕಡತವನ್ನು ಇಟ್ಟುಕೊಂಡಿರುವವರೆಗೆ ಎರಡನ್ನೂ ತಾಳೆ ನೋಡಬಹುದು, ಬೇಡವೆನಿಸಿದ ದಿನ ಕಡತವನ್ನು ಅಳಿಸಿದರೆ ಪುಸ್ತಕದಲ್ಲಿ ಉಳಿಯುವುದು ಯಾರದೆಂದು ತಿಳಿಯದ ಒಂದು ಸಂಖ್ಯೆ ಮಾತ್ರ.