ಕರಗದ ಪ್ರೋಟೀನಿನ ಒಳರಚನೆ

ಆಲ್‌ಝೈಮರ್ ರೋಗಿಯ ಮಿದುಳಿನಲ್ಲಿ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನು ನಾರುನಾರಾಗಿ ಗಟ್ಟಿಕಟ್ಟುತ್ತದೆ. ಈ ನಾರು ನೀರಿನಲ್ಲಿ ಕರಗದು. ಎಕ್ಸ್-ಕಿರಣ ಪರೀಕ್ಷೆಗೆ ಬೇಕಾದ ಹರಳೂ ಆಗದು. ಹಾಗಾದರೆ ಅದರ ರಚನೆಯನ್ನು ತಿಳಿಯುವುದು ಹೇಗೆ?

ಪ್ರಬಲ ಕಾಂತಕ್ಷೇತ್ರದಲ್ಲಿ ಕೆಲವು ಪರಮಾಣು ಬೀಜಗಳು ನಿರ್ದಿಷ್ಟ ರೇಡಿಯೋ ಅಲೆಗಳಿಗೆ ಸ್ಪಂದಿಸುತ್ತವೆ. ಇದೇ ಎನ್.ಎಂ.ಆರ್. ದ್ರಾವಣದಲ್ಲಿ ಅಣುಗಳು ಉರುಳಾಡುವುದರಿಂದ ಸಂಕೇತಗಳು ಸ್ಪಷ್ಟ. ಘನವಸ್ತುವಿನಲ್ಲಿ ಅವು ಹರಡಿ ಕಲಸಿಹೋಗುತ್ತವೆ. ಇದಕ್ಕೆ 1958-59ರಲ್ಲಿ ಉಪಾಯ ದೊರೆಯಿತು: ವಸ್ತುವನ್ನು ಕಾಂತಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಾಗಿಟ್ಟು ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಿಸುವುದು. ಈ 'ಮಾಂತ್ರಿಕ ಕೋನ'ದಲ್ಲಿ ದಿಕ್ಕಿನ ಪರಿಣಾಮ ಬಹುಮಟ್ಟಿಗೆ ರದ್ದಾಗುತ್ತದೆ.

ಇಂಗಾಲ-13, ಸಾರಜನಕ-15 ಸೇರಿಸಿದ ಪ್ರೋಟೀನಿನಲ್ಲಿ ಹೀಗೆ ಪರಮಾಣುಗಳ ಅಂತರವನ್ನು ಅಳೆಯಬಹುದು. ಅಮೆರಿಕದ ರಾಬರ್ಟ್ ಟಿಕೊ ಮತ್ತು ಸಂಗಡಿಗರು 2002ರಲ್ಲಿ ಈ ನಾರಿನ ಮಾದರಿಯನ್ನು ಪ್ರಕಟಿಸಿದರು. ಅದರಲ್ಲಿ ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ಜೋಡಿಕೊಂಡಿದ್ದವು. ನಾರು ಕಟ್ಟಿದ ಬಗೆ ತಿಳಿದರಲ್ಲವೇ, ಅದನ್ನು ತಡೆಯುವ ದಾರಿ ಹುಡುಕುವುದು!