ಹಿರಿಯರ ಸೊಂಟನೋವು: ಬಲವಾದ ನೋವಿನ ಮಾತ್ರೆ ಮತ್ತು ಬೆನ್ನಿನ ಇಂಜೆಕ್ಷನ್



ಸಾತನೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಅರವತ್ತು ದಾಟಿದ ಮೇಲೆ ಸೊಂಟನೋವು ಎನ್ನದವರು ಕಡಿಮೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ರಾಗಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತು ಕಾಯಕ ಮಾಡಿದ ಬೆನ್ನು ಅದು. ನೋವು ತಾಳಲಾರದೆ "ಜೋರಾದ ಮಾತ್ರೆ ಕೊಡಿ, ಬೆನ್ನಿಗೆ ಒಂದು ಸೂಜಿ ಹಾಕಿಬಿಡಿ" ಎಂದು ಅನೇಕರು ಕೇಳುತ್ತಾರೆ. ಕೇಳುವ ಮುಂಚೆ ಈ ಸಂಗತಿಗಳನ್ನು ತಿಳಿದುಕೊಳ್ಳಿ.

ಬಲವಾದ ಮಾತ್ರೆಗಳು

ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್ ಇವು ಒಪಿಯಾಯ್ಡ್ ಎಂಬ ಗುಂಪಿನ ಔಷಧಿಗಳು. ಇವು ನೋವಿನ ಕಾರಣವನ್ನು ಗುಣಪಡಿಸುವುದಿಲ್ಲ. ಮೆದುಳಿಗೆ ನೋವು ತಿಳಿಯುವುದನ್ನು ತಗ್ಗಿಸುತ್ತವೆ. ಕ್ಯಾನ್ಸರ್ ನೋವಿಗೆ, ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಇವು ದೊಡ್ಡ ಉಪಕಾರಿ. ಆದರೆ ಸಾಮಾನ್ಯ ಸೊಂಟನೋವಿಗೆ? ಆಸ್ಟ್ರೇಲಿಯಾದಲ್ಲಿ 347 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಬಂದ ಸೊಂಟ ಮತ್ತು ಕತ್ತು ನೋವಿಗೆ ಒಪಿಯಾಯ್ಡ್ ಮಾತ್ರೆಯು ಔಷಧಿಯೇ ಇಲ್ಲದ ಹುಸಿಮಾತ್ರೆಗಿಂತ ಹೆಚ್ಚು ಗುಣ ಕೊಡಲಿಲ್ಲ. ಬಹುದಿನದ ಸೊಂಟನೋವಿಗೂ ಇವು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಸಲಹೆ ನೀಡಿತು.

ವಯಸ್ಸಾದವರಲ್ಲಿ ಇವುಗಳಿಂದ ಮಲಬದ್ಧತೆ, ತೂಕಡಿಕೆ, ತಲೆಸುತ್ತು, ಮೂತ್ರ ಕಟ್ಟುವುದು, ಮಂಕು ಉಂಟಾಗಬಹುದು. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬಿದ್ದು ತೊಡೆಮೂಳೆ ಮುರಿದರೆ, ಸೊಂಟನೋವಿಗಿಂತ ದೊಡ್ಡ ಕಷ್ಟ. ನಿದ್ದೆಮಾತ್ರೆ ಅಥವಾ ಮದ್ಯದ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಅಪಾಯವಾಗಬಹುದು. ಅಭ್ಯಾಸವಾಗುವ ಭಯವೂ ಇದೆ. ಆದ್ದರಿಂದಲೇ 2018ರಲ್ಲಿ ಟ್ರಮಡಾಲನ್ನು ನಮ್ಮ ದೇಶದ ಮಾದಕವಸ್ತು ಕಾಯ್ದೆಯ ಅಡಿಗೆ ತರಲಾಯಿತು.

ಈಗಾಗಲೇ ಬಹಳ ದಿನದಿಂದ ನುಂಗುತ್ತಿದ್ದರೆ ಗಾಬರಿಯಾಗಬೇಡಿ, ನೀವಾಗಿಯೇ ಒಮ್ಮೆಲೇ ನಿಲ್ಲಿಸಲೂ ಬೇಡಿ. ವೈದ್ಯರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

ಬೆನ್ನಿನ ಇಂಜೆಕ್ಷನ್

ಪೃಷ್ಠಕ್ಕೆ ಚುಚ್ಚುವ ನೋವಿನ ಸೂಜಿಯೇ ಬೇರೆ, ಇದೇ ಬೇರೆ. ಬೆನ್ನುಮೂಳೆಯ ಒಳಗೆ ನರಗಳ ಸುತ್ತಲಿನ ಜಾಗಕ್ಕೆ ಸಾಮಾನ್ಯವಾಗಿ ಸ್ಟೀರಾಯ್ಡನ್ನು, ಅರಿವಳಿಕೆ ಔಷಧಿಯನ್ನು ಬಿಡುತ್ತಾರೆ. ತಜ್ಞರು ಎಕ್ಸರೇ ಯಂತ್ರದಲ್ಲಿ ನೋಡುತ್ತಾ ಮಾಡುವ ಕೆಲಸ ಇದು. ಡಿಸ್ಕ್ ಜಾರಿ ನರ ಒತ್ತಿ, ಕಾಲಿಗೆ ಸೆಳೆತ ಇಳಿದವರಿಗೆ ಕೆಲವು ವಾರ ಇಲ್ಲವೇ ತಿಂಗಳು ಸ್ವಲ್ಪ ಆರಾಮ ಸಿಗಬಹುದು. ವಯಸ್ಸಿನಿಂದ ನರದ ದಾರಿ ಕಿರಿದಾದವರಿಗೆ ಪ್ರಯೋಜನ ಕಡಿಮೆ: ಅಮೆರಿಕದಲ್ಲಿ ಇಂಥ 400 ಜನರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವಾರಗಳ ನಂತರ ಸ್ಟೀರಾಯ್ಡ್ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕಾಲಿಗೆ ಇಳಿಯದ ಬರೀ ಸೊಂಟನೋವಿಗೂ ಇದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಇಂಜೆಕ್ಷನ್‌ಗೆ ಮುಂಚೆ ವೈದ್ಯರಿಗೆ ತಪ್ಪದೆ ತಿಳಿಸಿ:

1. ಸಕ್ಕರೆ ಕಾಯಿಲೆ ಇದ್ದರೆ. ಕೆಲವು ದಿನ ಸಕ್ಕರೆ ಏರುತ್ತದೆ, ಪರೀಕ್ಷಿಸಿಕೊಳ್ಳಬೇಕು.
2. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ.
3. ಜ್ವರ, ಹುಣ್ಣು, ಸೋಂಕು ಅಥವಾ ಮೂಳೆ ಸವೆತ ಇದ್ದರೆ.
4. ಹಿಂದೆ ಎಷ್ಟು ಸಲ ಇಂಥ ಇಂಜೆಕ್ಷನ್ ಆಗಿದೆ ಎಂಬುದನ್ನು. ಪದೇ ಪದೇ ಸ್ಟೀರಾಯ್ಡ್ ಮೂಳೆಯನ್ನು ದುರ್ಬಲಗೊಳಿಸುತ್ತದೆ.

ಹಾಗಾದರೆ ಮಾಡುವುದೇನು?

ಹಾಸಿಗೆ ಹಿಡಿಯಬೇಡಿ. ಬೆಳಿಗ್ಗೆ ಸಂಜೆ ಆದಷ್ಟು ನಡೆಯಿರಿ. ಫಿಸಿಯೋಥೆರಪಿಯಲ್ಲಿ ಕಲಿಸಿದ ವ್ಯಾಯಾಮವನ್ನು ದಿನವೂ ಮಾಡಿ. ಬಿಸಿನೀರಿನ ಶಾಖ ಕೊಡಿ. ಹೊರೆಯನ್ನು ಎರಡು ಪಾಲು ಮಾಡಿ ಹೊರಿ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ದಿನಗಟ್ಟಲೆ ನುಂಗಬೇಡಿ. ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು.

ಕಾಲು ಸೋತರೆ, ಮೂತ್ರ ಮಲ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಜ್ವರ ಬಂದರೆ, ಬಿದ್ದ ಮೇಲೆ ನೋವು ಶುರುವಾದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಬರುವಾಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ. ನಾಚಿಕೆ ಬೇಡ, ಮುಚ್ಚಿಡಬೇಡಿ.